ಸೊಪ್ಪಿನ ಹೊತ್ತಿನವರೆಗೆ ನಿಂತ ಮಾತು

ನನಗೆ ಅನುಮಾನ ಜಾಸ್ತಿ ಅಂತ ಊರೆಲ್ಲ ಹೇಳುತ್ತಾರೆ. ಹೇಳಲಿ. ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟರೆ ಪೊಟ್ಟಣವನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡುತ್ತೇನೆ. ಕಂಡಕ್ಟರು ಚಿಲ್ಲರೆ ಆಮೇಲೆ ಕೊಡ್ತೀನಿ ಅಂದರೆ ಚಿಂತಾಮಣಿ ಬರುವವರೆಗೂ ಅವನ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಯಾರಾದರೂ ಸುಮ್ಮಸುಮ್ಮನೆ ನಕ್ಕು ಮಾತಾಡಿಸಿದರೆ, ಇವರಿಗೆ ಏನು ಬೇಕಾಗಿದೆಯಪ್ಪಾ ಅಂತ ಮೊದಲು ಯೋಚಿಸುತ್ತೇನೆ. "ಇವಳು ದೇವಸ್ಥಾನದ ತೀರ್ಥಾನೂ ಮೂಸಿ ಕುಡೀತಾಳೆ ಕಣಮ್ಮ" ಅಂತ ನಮ್ಮತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಗುವವರು ನಗಲಿ, ಮೂಸಿ ನೋಡಿದ್ದರಿಂದಲೇ ನನಗೆ ಕೆಲವು ವಿಷಯ ಗೊತ್ತಾದದ್ದು.

ನಮ್ಮದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ, ಮೇನ್ ರೋಡಿನಿಂದ ಒಳಗೆ ಇರುವ ಊರು. ಆಗಿನ್ನೂ ನಮ್ಮ ಜಿಲ್ಲೆ ಕೋಲಾರ. ಚಿಕ್ಕಬಳ್ಳಾಪುರವನ್ನೇ ಜಿಲ್ಲೆ ಮಾಡ್ತಾರಂತೆ ಅನ್ನುವ ಮಾತು ಮಾತ್ರ ಓಡಾಡುತ್ತಿತ್ತು. ಹಿಪ್ಪುನೇರಳೆ ತೋಟ ಇಲ್ಲದವರು, ರೇಷ್ಮೆ ಹುಳು ಮೇಯಿಸದವರು ಊರಲ್ಲಿ ಬೆರಳೆಣಿಕೆ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನಮ್ಮ ಬೀದಿಯ ಸೀಟು ಹೆಂಗಸರಿಗೆ ಮೀಸಲಾಯಿತು. ನಾನು ನಿಂತೆ, ಗೆದ್ದೆ. ಮೊದಲ ಸಭೆಯ ದಿನ ನೋಡಿದರೆ ನಮ್ಮ ಯಜಮಾನರಿಗೆ ಕುರ್ಚಿ ಹಾಕಿ ಇಟ್ಟಿದ್ದಾರೆ! ಮೆಂಬರಮ್ಮ ಮನೇಲಿರ್ತಾಳೆ, ಗಂಡ ಬಂದು ಕೂರ್ತಾನೆ ಅನ್ನುವ ಲೆಕ್ಕ. ನಾನೇ ಹೋಗಿ ಆ ಕುರ್ಚಿಯ ಮೇಲೆ ಕೂತೆ. "ಅವರು ಹುಳಕ್ಕೆ ಸೊಪ್ಪು ಹಾಕ್ತಾವ್ರೆ" ಅಂದೆ.

ಪಂಚಾಯ್ತಿಯಲ್ಲಿ ಪಕ್ಷ ಇಲ್ಲ ಅಂತ ಕಾನೂನು ಹೇಳುತ್ತದೆ. ಕಾನೂನು ಬರೆದವರು ನಮ್ಮೂರಿಗೆ ಬಂದು ಒಂದು ಲೋಟ ಟೀ ಕುಡಿದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಒಂದು ಕಡೆಯವರು ಬೆಳಗ್ಗೆ ಹಾಲಿನ ಡೈರಿ ಕಟ್ಟೆಯ ಮೇಲೆ ಕೂರುತ್ತಿದ್ದರು, ಇನ್ನೊಂದು ಕಡೆಯವರು ರಾಗಿ ಮಿಲ್ಲಿನ ಬೆಂಚಿನ ಮೇಲೆ. ಡೈರಿ ಕಡೆ, ಮಿಲ್ ಕಡೆ. ಡೈರಿಯವರು ಸೂರ್ಯ ಹುಟ್ಟಿದ ಅಂದರೆ ಮಿಲ್ಲಿನವರು ಹೊರಗೆ ಬಂದು ಆಕಾಶ ನೋಡಿ, ಯಾರು ಹುಟ್ಟಿಸಿದ್ದು ಅಂತ ಕೇಳುತ್ತಿದ್ದರು. ನಮ್ಮ ಮಾವನವರ ಕಾಲದಿಂದ ನಾವು ಮಿಲ್ ಕಡೆ. ಹಾಗಂತ ನನಗೆ ನಮ್ಮ ಕಡೆಯ ಮೇಲೂ ನಂಬಿಕೆ ಇರಲಿಲ್ಲ. ಅಧ್ಯಕ್ಷರು ನಮ್ಮವರೇ, ಆ ಮಿಲ್ಲೂ ಅವರದೇ, ರಾಗಿ ಬೀಸಿಸಲು ಹೋದರೆ ಹಿಟ್ಟು ಕಡಿಮೆಯಾಗಿಯೇ ಮನೆಗೆ ಬರುತ್ತಿತ್ತು.

ಡೈರಿ ಕಡೆಗೆ ದೊಡ್ಡ ಬಾಯಿ ಅಂದರೆ ಒಬ್ಬ ಹಿರಿಯ ಮೆಂಬರು. ಊರಿನ ವರಸೆಯಲ್ಲಿ ನನಗೆ ಮಾವ ಆಗಬೇಕು. ನಾನು ಮನಸ್ಸಿನಲ್ಲಿ ಡೈರಿ ಮಾವ ಅಂತಲೇ ಕರೆಯುತ್ತಿದ್ದೆ. ಎತ್ತರದ ಆಳು, ಹೆಗಲ ಮೇಲೆ ಟವೆಲ್ಲು, ಮೈಕಿಲ್ಲದೆ ಕೆರೆ ಏರಿವರೆಗೂ ಕೇಳಿಸುವ ಗಂಟಲು. ಹೆಂಡತಿ ತೀರಿಹೋಗಿದ್ದರು. ಮಗ ಗೌರಿಬಿದನೂರಿನ ಕಡೆ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಮನೆಯಲ್ಲಿ ಸೊಸೆ, ಇಬ್ಬರು ಮೊಮ್ಮಕ್ಕಳು, ಮತ್ತೆ ಹುಳು.

ಈ ಡೈರಿ ಮಾವ ಒಂದು ಮಾತು ಆಗಬಾರದು ಅಂತ ಮನಸ್ಸು ಮಾಡಿದರೆ ಅದು ಆಗುತ್ತಿರಲಿಲ್ಲ. ಹೊಡೆದಾಟ ಇಲ್ಲ, ಬಡಿದಾಟ ಇಲ್ಲ. ಎದ್ದು ನಿಲ್ಲುವುದು, ಅಷ್ಟೇ. ನಮ್ಮೂರಲ್ಲಿ ಅರಳಿಕಟ್ಟೆ ಪಂಚಾಯ್ತಿ ಕಾಲದಿಂದ ಬಂದ ಒಂದು ಪದ್ಧತಿ ಇದೆ: ನಿಂತು ಮಾತಾಡುವವರನ್ನು ತಡೆಯಬಾರದು, ಅವರು ತಾವಾಗಿ ಕೂರಬೇಕು, ಕೂರುವವರೆಗೂ ಬೇರೆ ತೀರ್ಮಾನ ಮಾಡುವ ಹಾಗಿಲ್ಲ. ಇನ್ನೊಂದು ಪದ್ಧತಿಯೂ ಇದೆ. ಸೊಪ್ಪಿನ ಹೊತ್ತಾಯಿತು ಅಂದರೆ, ಅಂದರೆ ಹುಳಕ್ಕೆ ಸೊಪ್ಪು ಹಾಕುವ ವೇಳೆ ಬಂತು ಅಂದರೆ, ಸಭೆ ಅಲ್ಲಿಗೆ ಮುಗಿಯಿತು. ಯಾರ ಮದುವೆ ಮಾತೇ ನಡೆಯುತ್ತಿರಲಿ, ಹುಳ ಕಾಯುವುದಿಲ್ಲ, ಎಲ್ಲರೂ ಎದ್ದು ಹೋಗುತ್ತಾರೆ. ಡೈರಿ ಮಾವ ಈ ಎರಡು ಪದ್ಧತಿಗಳನ್ನು ಗಂಟು ಹಾಕಿಬಿಟ್ಟಿದ್ದರು. ಊಟವಾದ ಮೇಲೆ ಸಭೆ ಸೇರುತ್ತಿದ್ದಂತೆ ಎದ್ದು ನಿಂತು, ಅವರ ತಾತ ಕೆರೆಗೆ ತೂಬು ಇಡಿಸಿದ ಕಥೆಯಿಂದ ಶುರು ಮಾಡಿ, ಕೈವಾರಕ್ಕೆ ಗಾಡಿ ಕಟ್ಟಿಕೊಂಡು ಹೋದದ್ದು, ದಾರಿಯಲ್ಲಿ ಎತ್ತು ಕುಂಟಿದ್ದು, ಎಲ್ಲಾ ಹೇಳಿ ಸೊಪ್ಪಿನ ಹೊತ್ತು ಮುಟ್ಟಿಸುತ್ತಿದ್ದರು. ವಿಷಯ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

ನಾನೀಗ ಹೇಳುವ ಸಂಗತಿಯ ಹಿಂದಿನ ವರ್ಷ ಚಿಕೂನ್‌ಗುನ್ಯ ಬಂದಿತ್ತು. ನಮ್ಮ ಜನ ಅದನ್ನು ಚಿಕನ್ ಗುನ್ಯ ಅಂತ ಕರೆದು, ಕೋಳಿಯಿಂದ ಬರುತ್ತೆ ಅಂತ ಕೋಳಿ ತಿನ್ನುವುದನ್ನೇ ಬಿಟ್ಟರು. ಸೊಳ್ಳೆ ಮಾತ್ರ ಯಾರನ್ನೂ ಬಿಡಲಿಲ್ಲ. ಒಂದೊಂದು ಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗಿದರು. ನಮ್ಮತ್ತೆಗೆ ಜ್ವರ ಹೋದರೂ ಕೈ ಬೆರಳಿನ ಗೆಣ್ಣುಗಳು ಹಿಡಿದುಕೊಂಡವು. ಹಣ್ಣಾದ ಹುಳವನ್ನು ಗೂಡು ಕಟ್ಟಲಿ ಅಂತ ನಮ್ಮತ್ತೆ ಬಿದಿರಿನ ಚಂದ್ರಿಕೆಗೆ ಬಿಡುವುದನ್ನು ನೋಡಬೇಕಿತ್ತು, ಅಷ್ಟು ಚುರುಕು. ಅಂಥವರು ಕಾಫಿ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುವ ಹಾಗಾಯಿತು. ಅವರ ನೋವಿನ ರಾತ್ರಿಗಳಲ್ಲಿ ಒಂದು ಗಾಡಿ ಸಿಗಲಿಲ್ಲ. ಟೆಂಪೋ ಇದ್ದವರು ಡೀಸೆಲ್ ಇಲ್ಲ ಅಂದರು, ಡೀಸೆಲ್ ಇದ್ದವರು ಡ್ರೈವರ್ ಇಲ್ಲ ಅಂದರು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಇತ್ತು.

ಆಗಲೇ ಪಂಚಾಯ್ತಿಯಿಂದ ಚರಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ನಾನು ಬಗ್ಗಿ ಒಂದು ಚಿಟಿಕೆ ತೆಗೆದು ಮೂಸಿದೆ. ಬರೀ ಸುಣ್ಣ! ಅಲ್ಲ, ಮೋಸ ಮಾಡುವುದಾದರೂ ಯಾವ ಊರಲ್ಲಿ? ಹೊಸ ಹುಳು ತರುವ ಮುಂಚೆ ಪ್ರತಿ ಸಲವೂ ಹುಳು ಮನೆಯನ್ನು ಬ್ಲೀಚಿಂಗ್ ಹಾಕಿ ತೊಳೆಯುವ ಜನ ನಾವು. ಆ ಘಾಟು ನಮ್ಮ ಮಕ್ಕಳ ಮೂಗಿಗೂ ಗೊತ್ತು. ಅಧ್ಯಕ್ಷರನ್ನು ಕೇಳಿದರೆ "ಬಿಸಿಲಿಗೆ ಘಾಟು ಹಾರೋಗಿರುತ್ತೆ ಬಿಡಮ್ಮ" ಅಂದರು.

ಹೀಗಾಗಿ ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆಯೇ ನಾನು ಒಂದು ವಿಷಯ ಎತ್ತಿದೆ. ಪಂಚಾಯ್ತಿಗೆ ಬರುವ ದುಡ್ಡಿನಲ್ಲಿ ಒಂದು ಪಾಲು ಜ್ವರಕ್ಕೆ ಅಂತ ಎತ್ತಿಡಬೇಕು. ಅದರಲ್ಲಿ ಅಸಲಿ ಬ್ಲೀಚಿಂಗ್ ತರಬೇಕು, ನೀರಿನ ತೊಟ್ಟಿ ತೊಳೆಸಬೇಕು, ಯಾರಾದರೂ ಮಲಗಿದರೆ ಆಸ್ಪತ್ರೆಗೆ ಒಯ್ಯಲು ಒಂದು ಗಾಡಿ ಗೊತ್ತು ಮಾಡಿ ಇಡಬೇಕು. ಜ್ವರದ ದುಡ್ಡು ಅಂತ ಅದಕ್ಕೆ ಹೆಸರೇ ಆಯಿತು. ಡೈರಿ ಕಡೆಯವರಿಗೆ ಅದೇ ದುಡ್ಡಿನಲ್ಲಿ ಊರ ಬಾಗಿಲಿಗೆ ಕಮಾನು ಕಟ್ಟಿಸಬೇಕಿತ್ತು. ಕಮಾನಿನ ಮೇಲೆ ಯಾರ ಅಪ್ಪನ ಹೆಸರು ಬರುತ್ತೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹುಳು ತರೋಕೆ ಮುಂಚೆ ಮನೆ ತೊಳೀತೀರಾ, ಇಲ್ಲಾ ರೋಗ ಬಂದು ಹುಳ ಸತ್ತ ಮೇಲೆ ತೊಳೀತೀರಾ ಮಾವ?" ಅಂತ ಸಭೆಯಲ್ಲೇ ಕೇಳಿದೆ.

ಡೈರಿ ಮಾವ ಎದ್ದು ನಿಂತರು. "ಅಲ್ಲಮ್ಮಾ, ಜ್ವರ ಅಂದ್ರೆ ಯಾಕೆ ಅಷ್ಟು ಹೆದರ್ತೀಯ? ಹುಳಕ್ಕೆ ಜ್ವರ ಬರಲ್ವಾ? ಎದ್ದ ಮೇಲೆ ಇನ್ನೂ ಚೆನ್ನಾಗಿ ಮೇಯಲ್ವಾ?" ಅಂದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಮ್ಮ ಕಡೆ ಜ್ವರ ಅಂದರೆ ಎರಡು. ಒಂದು ಮನುಷ್ಯರದು. ಇನ್ನೊಂದು ಹುಳದ್ದು. ಹುಳ ಬೆಳೆಯುವಾಗ ನಾಲ್ಕು ಸಲ ಮೇಯುವುದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು, ಮೈ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವ ಹಾಗಿಲ್ಲ, ಆ ಹೊತ್ತು ಮನೆಯವರಿಗೆ ಬಿಡುವು. ಎದ್ದ ಮೇಲೆ ಮೊದಲಿಗಿಂತ ಹೆಚ್ಚು ಮೇಯುತ್ತದೆ. ಆವತ್ತು ಅವರು ಆ ನಗುವಿನಿಂದ ಶುರು ಮಾಡಿ, ಹೋದ ವರ್ಷದ ಸುಣ್ಣದ ವಿಷಯ ತೆಗೆದು, "ಜ್ವರದ ದುಡ್ಡು ಅಂದ್ರೆ ಮಿಲ್ಲಿನವರ ಸುಣ್ಣದ ದುಡ್ಡು" ಅಂತ ಬೈದು, ಹೊಸ ಜಿಲ್ಲೆ ಆಗಲಿ, ಆಮೇಲೆ ನೋಡಣ ಅಂತ ಎಳೆದು, ಸೊಪ್ಪಿನ ಹೊತ್ತು ಮಾಡಿಯೇ ಕೂತರು. ಸುಣ್ಣದ ಮಾತು ನಿಜವೇ ಆದ್ದರಿಂದ ನನಗೆ ಮೈ ಇನ್ನೂ ಉರಿಯಿತು. ಅದರ ಮುಂದಿನ ಸಭೆಯೂ ಹೀಗೇ ಹೋಯಿತು.

ಈ ಮನುಷ್ಯ ಯಾಕಿಷ್ಟು ಅಡ್ಡ ಬೀಳುತ್ತಾರೆ ಅಂತ ನಾನು ಎಲ್ಲಾ ಕಡೆಯಿಂದಲೂ ಯೋಚಿಸಿದೆ. ಚಿಂತಾಮಣಿಯಲ್ಲಿ ಅವರ ಷಡ್ಡಕನ ಮೆಡಿಕಲ್ ಶಾಪ್ ಇತ್ತು. ಜ್ವರ ಬಂದರೆ ಯಾರಿಗೆ ಲಾಭ? ನಮ್ಮ ಯಜಮಾನರಿಗೆ ಹೇಳಿದೆ. ಅವರು ಸೊಪ್ಪು ಕತ್ತರಿಸುತ್ತಾ, "ಷಡ್ಡಕನ ಅಂಗಡಿ ನಡೀಲಿ ಅಂತ ಊರಿಗೆ ಜ್ವರ ತರಿಸ್ತಾರೇನೇ? ನಿನ್ನ ತಲೆ ಒಂದು" ಅಂದರು. ನನ್ನ ತಲೆಯಲ್ಲಿ ಆ ಮೆಡಿಕಲ್ ಶಾಪ್ ಮಾತ್ರ ಮುಚ್ಚಲಿಲ್ಲ.

ಈ ವಿಷಯಕ್ಕೆ ಮೂರನೇ ಸಭೆಯೇ ಕಡೇದು. ಆವತ್ತು ತೀರ್ಮಾನ ಆಗದಿದ್ದರೆ ದುಡ್ಡು ಮೊದಲೇ ಪಟ್ಟಿಗೆ ಸೇರಿದ್ದ ಕಮಾನಿಗೆ ಹೋಗುತ್ತಿತ್ತು, ಆ ಮಳೆಗಾಲಕ್ಕೆ ಗಾಡಿಯೂ ಇಲ್ಲ, ಬ್ಲೀಚಿಂಗೂ ಇಲ್ಲ. ಈ ಸಲ ನಾವೂ ಒಂದು ಉಪಾಯ ಮಾಡಿದೆವು. ಮಿಲ್ ಕಡೆಯ ಮೆಂಬರುಗಳೆಲ್ಲ ಮನೆಯಲ್ಲಿ ಸೊಪ್ಪು ಹಾಕಲು ಬೇರೆಯವರನ್ನು ಬಿಟ್ಟು ಬಂದೆವು. ಸೊಪ್ಪಿನ ಹೊತ್ತಾದರೂ ಏಳುವುದಿಲ್ಲ ಅಂತ ಮಾತಾಯಿತು. ಡೈರಿ ಮಾವನ ಮನೆಯಲ್ಲಿ ಸೊಸೆ ಒಬ್ಬಳು, ಆಳು ಒಬ್ಬ. ಸೊಸೆ ಗೌರಿಬಿದನೂರಿನಿಂದಾಚೆ ಹಿಂದೂಪುರದ ಕಡೆಯವಳು, ಅವಳ ತವರುಮನೆಯಲ್ಲಿ ಹುಳು ಮೇಯಿಸುತ್ತಿರಲಿಲ್ಲ, ಎರಡು ಮಕ್ಕಳಾದರೂ ಅವಳಿಗೆ ಅದರ ಕೆಲಸ ಇನ್ನೂ ಕೈಗೆ ಹತ್ತಿರಲಿಲ್ಲ. ಮಾವ ಊರಲ್ಲಿಲ್ಲದಾಗ ಆಳು ಹೇಗೋ ಸುಧಾರಿಸುತ್ತಿದ್ದ, ಊರಲ್ಲಿದ್ದರೆ ಮಾತ್ರ ಅವನ ಕೈಗೆ ಬಿಡದೆ ಸೊಪ್ಪಿನ ಹೊತ್ತಿಗೆ ತಾವೇ ಮನೆಗೆ ಓಡಲೇಬೇಕು. ಅವರು ಓಡಿದ ಮೇಲೆ ನಾವು ಕೈ ಎತ್ತುವುದು. ಅವರ ಅಸ್ತ್ರ ಅವರಿಗೇ ತಿರುಗಿಸಿದೆವು ಅಂತ ಅಧ್ಯಕ್ಷರು ಮೀಸೆ ತಿರುವಿದರು.

ಮಾವ ಪಾರ್ಟಿ ಕೆಲಸಕ್ಕೆ ಅಂತ ಕೋಲಾರಕ್ಕೆ ಹೋಗಿ ಕೆಲವು ದಿನ ಅಲ್ಲೇ ಇದ್ದು, ಆವತ್ತು ಮಧ್ಯಾಹ್ನ ಬಸ್ಸಿಳಿದು ಮನೆಗೂ ಹೋಗದೆ ನೆಟ್ಟಗೆ ಸಭೆಗೇ ಬಂದರು. ಬಗಲಲ್ಲಿ ಬ್ಯಾಗು ಹಾಗೇ ಇತ್ತು. ಬ್ಯಾಗು ಕೆಳಗಿಟ್ಟರು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು, ಎದ್ದು ನಿಂತರು. ತೂಬಿನ ಕಥೆ ಶುರುವಾಯಿತು. ನಾವು ಕೈ ಕಟ್ಟಿಕೊಂಡು ಕೂತೆವು. ಬಿಸಿಲು ಬಾಗಿಲಿನಿಂದ ಜಾರಿ ಜಗಲಿಗೆ ಇಳಿಯಿತು. ಸೊಪ್ಪಿನ ಹೊತ್ತು ಹತ್ತಿರವಾದಂತೆ ಅವರು ನಮ್ಮನ್ನು ನೋಡುವುದು, ನಾವು ಅಲ್ಲಾಡದೆ ಅವರನ್ನು ನೋಡುವುದು. ಅವರ ಮುಖದಲ್ಲಿ ಸ್ವಲ್ಪ ಕಳವಳ ಕಂಡಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಪಕ್ಕದ ರೂಮಿನಲ್ಲಿ ಫೋನು ಹೊಡೆದುಕೊಂಡಿತು. ಬಿಲ್ ಕಲೆಕ್ಟರು ಎತ್ತಿ, ಹಲೋ ಹಲೋ ಅಂತ ಕಿರುಚಿ, ಬಾಗಿಲಿಗೆ ಬಂದು ನಿಂತ. "ಯಜಮಾನ್ರೇ, ನಿಮ್ಮ ಮನೆಯಿಂದ. ಸೊಸೆಯಮ್ಮ. ಎಲ್ಲಾ ಜ್ವರಕ್ಕೆ ಮಲಗಿಬಿಟ್ಟವಂತೆ, ಏನೂ ತಿಂತಾ ಇಲ್ವಂತೆ. ಅಷ್ಟರಲ್ಲಿ ಲೈನ್ ಕಟ್ಟಾಯ್ತು."

ಮಾವನ ಮುಖ ಅರಳಿಬಿಟ್ಟಿತು. ಎರಡು ಕೈಯನ್ನೂ ಸೊಂಟಕ್ಕಿಟ್ಟುಕೊಂಡು ನಮ್ಮ ಕಡೆ ತಿರುಗಿದರು. "ಕೇಳಿದ್ರೇನಪ್ಪಾ? ನಮ್ಮ ಹುಳ ಮೂರನೇ ಜ್ವರಕ್ಕೆ ಕೂತವೆ. ಇವತ್ತು ನಮ್ಮ ಮನೇಲಿ ಸೊಪ್ಪಿನ ಹೊತ್ತೇ ಇಲ್ಲ. ದೀಪ ಹಚ್ಚೋವರೆಗೂ ಮಾತಾಡ್ತೀನಿ, ಕೂತ್ಕೊಂಡು ಕೇಳಿ!" ಡೈರಿ ಕಡೆಯವರು ಬೆಂಚು ಬಡಿದು ನಕ್ಕರು. ಅಧ್ಯಕ್ಷರ ಮೀಸೆ ಇಳಿಯಿತು. ಮಾವ ಕೈವಾರದ ಗಾಡಿಯ ಕಥೆಗೆ ಕೈ ಹಾಕಿದರು. ಎತ್ತು ಯಾವ ಸಂತೆಯದು, ಅದರ ಕೊಂಬು ಹೇಗಿತ್ತು, ಒಂದೂ ಬಿಡಲಿಲ್ಲ.

ನನಗೆ ಆ ಫೋನಿನ ಮೇಲೆಯೇ ಅನುಮಾನ ಬಂತು. ಇಷ್ಟು ಸರಿಯಾದ ಹೊತ್ತಿಗೆ, ಇಷ್ಟು ಸರಿಯಾದ ಮಾತು? ನಮ್ಮ ಉಪಾಯ ಗೊತ್ತಾಗಿ ಮೊದಲೇ ಹೇಳಿಕೊಟ್ಟು ಮಾಡಿಸಿದ್ದಾರೆ ಅನ್ನಿಸಿತು. ನಮ್ಮಲ್ಲೇ ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದಾರೆ ಅಂತ ನಮ್ಮವರ ಮುಖಗಳನ್ನೂ ಒಂದೊಂದಾಗಿ ನೋಡಿದೆ. ಅಷ್ಟರಲ್ಲಿ ಹಿಂದಿನ ದಿನದ ಒಂದು ಮಾತು ನೆನಪಾಯಿತು. ಮಾವನ ಮನೆಯ ಆಳು ನಮ್ಮ ತೋಟಕ್ಕೆ ಬಂದು, "ಹುಳ ಮೂರನೇ ಜ್ವರ ಎದ್ದವೆ ಅಕ್ಕಾ, ನಮ್ಮ ಸೊಪ್ಪು ಸಾಲ್ತಾ ಇಲ್ಲ" ಅಂತ ಹೊರೆಗಟ್ಟಲೆ ಸೊಪ್ಪು ಕೊಯ್ದುಕೊಂಡು ಹೋಗಿದ್ದ. ನಿನ್ನೆ ಜ್ವರ ಎದ್ದ ಹುಳ ಇವತ್ತು ಮತ್ತೆ ಜ್ವರಕ್ಕೆ ಕೂರುತ್ತದೆಯೇ?

ಸಿಕ್ಕಿಬಿದ್ದರು! ಪದ್ಧತಿ ಮರೆತು ನಾನೂ ಎದ್ದು ನಿಂತೆ. "ಮಾವ, ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಡವಾ?" ಅಂತ ಕೂಗಿದೆ. "ನಿಮ್ಮ ಹುಳ ಮೂರನೇ ಜ್ವರ ನಿನ್ನೇನೇ ಎದ್ದಾಯ್ತು. ನಮ್ಮ ತೋಟದ ಸೊಪ್ಪೇ ಮೇಯ್ತಾ ಇದಾವೆ. ಕೇಳ್ರಿ ನಿಮ್ಮ ಆಳನ್ನ! ಇವತ್ತು ಜ್ವರಕ್ಕೆ ಮಲಗೋದು ಯಾವ ಹುಳ?"

ಡೈರಿ ಕಡೆಯವರು "ನಿಂತವರಿಗೆ ಅಡ್ಡ ಬರ್ತೀಯೇನಮ್ಮಾ" ಅಂತ ನನ್ನ ಮೇಲೆ ಏರಿ ಬಂದರು. ಮಾವ ಮಾತ್ರ ನನ್ನ ಕಡೆ ತಿರುಗಿದರು. "ನಿನ್ನೆ ಎದ್ದವಾ?" ಅಂತ ಸಣ್ಣ ದನಿಯಲ್ಲಿ ಕೇಳಿದರು. ನಾನು "ಹೂಂ" ಅಂದೆ. ಅವರು ಬಿಲ್ ಕಲೆಕ್ಟರನ ಕಡೆ ತಿರುಗಿ, "ಅವಳು ಏನಂದ್ಲು? ಹುಳ ಅಂದ್ಲಾ?" ಅಂದರು. ಅವನು ತಲೆ ಕೆರೆದುಕೊಂಡ. "ಹುಳ ಅಂತ ಅನ್ನಲಿಲ್ಲ ಯಜಮಾನ್ರೇ. ಎಲ್ಲಾ ಜ್ವರಕ್ಕೆ ಮಲಗಿಬಿಟ್ಟವೆ, ತಿಂತಾ ಇಲ್ಲ ಅಂದ್ರು, ಅಷ್ಟೇ."

ನಾವು ಹುಳವನ್ನೂ ಮಕ್ಕಳನ್ನೂ ಒಂದೇ ಥರ ಅನ್ನುತ್ತೇವೆ. ಮಲಗಿವೆ, ಎದ್ದಿವೆ, ತಿಂದಿವೆ. ಮಾವ ಬ್ಯಾಗನ್ನೂ ತೆಗೆದುಕೊಳ್ಳಲಿಲ್ಲ. ಟವೆಲ್ಲು ಜಾರಿ ಬಿದ್ದದ್ದು ನೋಡಲಿಲ್ಲ. ಕೂರದೆ, ಕೈ ಮುಗಿಯದೆ, ನಿಂತಲ್ಲಿಂದ ಹಾಗೇ ಓಡಿದರು.

ನಾನು ಹಿಂದೆಯೇ ಹೋದೆ. ಕರುಣೆಯಿಂದ ಅಂತ ಯಾರೂ ತಿಳಿಯಬೇಡಿ. ಇದೂ ನಾಟಕ ಇರಬಹುದು, ಸಭೆ ಮುರಿಯಲು ಓಡುತ್ತಿದ್ದಾರೆ, ಕಣ್ಣಾರೆ ನೋಡಿಯೇ ಬಿಡಣ ಅಂತ ಹೋದದ್ದು. ಮೊದಲು ಹುಳು ಮನೆಯ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಹುಳ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಹುಳ ಎದ್ದಿದ್ದವು. ಪಕ್ಕದ ನಡುಮನೆಯಲ್ಲಿ ಚಾಪೆಯ ಮೇಲೆ ಎರಡು ಮಕ್ಕಳು ಮಲಗಿದ್ದವು. ಹುಡುಗಿ ಸ್ಕೂಲಿಗೆ ಹೋಗುವವಳು, ಚಿಕ್ಕದು ಇನ್ನೂ ಸರಿಯಾಗಿ ಮಾತು ಬಾರದ್ದು. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಚಿಕ್ಕದರ ಕಣ್ಣು ಮೇಲಕ್ಕೆ ನಿಂತಿತ್ತು. ಸೊಸೆ ಒದ್ದೆ ಬಟ್ಟೆ ಹಿಡಿದುಕೊಂಡು, "ಮಾಮಯ್ಯಾ, ಫೋನ್ ಮಾಡಿ ಎಷ್ಟೊತ್ತಾಯ್ತು ಮಾಮಯ್ಯಾ" ಅಂತ ಅಳುತ್ತಿದ್ದಳು. ಮಾವ ನನ್ನ ಕಡೆ ತಿರುಗಿದರು. "ಗಾಡಿ" ಅಂದರು, ಅಷ್ಟೇ.

ಊರಲ್ಲಿ ಆ ಹೊತ್ತಿಗೆ ಇದ್ದ ಗಾಡಿ ಒಂದೇ, ಪಂಚಾಯ್ತಿ ಮುಂದೆ ನಿಂತಿದ್ದ ಅಧ್ಯಕ್ಷರ ಟೆಂಪೋ. ಓಡಿದೆ. ಒಳಗೆ ಅಧ್ಯಕ್ಷರು ಆಗಲೇ ವಿಷಯವನ್ನು ಓದಿಸಿಬಿಟ್ಟಿದ್ದರು. ಮಾವ ಹೋದ ಮೇಲೆ ಅವರ ಕಡೆ ಒಂದು ಕೈ ಕಡಿಮೆ, ನಾನು ಇಲ್ಲದ್ದಕ್ಕೆ ನಮ್ಮ ಕಡೆಯೂ ಒಂದು ಕೈ ಕಡಿಮೆ, ಎರಡೂ ಸಮ ಬಂದು ಜಗಳ ಹತ್ತಿತ್ತು. "ಬಾರಮ್ಮಾ ಬಾ, ಕೈ ಎತ್ತು" ಅಂದರು ಅಧ್ಯಕ್ಷರು.

"ಟೆಂಪೋ ಕೀ ಕೊಡಿ. ಮಕ್ಕಳು ಸಾಯೋ ಹಂಗಿದಾವೆ" ಅಂದೆ.

ಅವರು ಕೀಲಿ ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಮುಚ್ಚಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವರ ಮನೆಗೆ ಹೋಗಿ ಬಂದು ಈಗ ಗಾಡಿ ಕೇಳ್ತೀಯ. ನಿನ್ನನ್ನೂ ಆ ಕಡೆಗೆ ಎಳ್ಕೊಂಡ್ರಾ? ಮೊದಲು ಕೈ ಎತ್ತು, ಆಮೇಲೆ ಕೀ."

ಅನುಮಾನ ಅಂದರೆ ಏನು ಅಂತ ಅನುಮಾನದ ಹೆಂಗಸಾದ ನನಗೇ ಆವತ್ತು ಗೊತ್ತಾಯಿತು. ಮೈಯೆಲ್ಲ ಬೆಂಕಿಯಾಯಿತು. ಎಡಗೈ ಎತ್ತಿ ಹಿಡಿದೆ. ಬಲಗೈಯಿಂದ ಅವರ ಬೆರಳು ಕಿತ್ತು ಕೀಲಿ ಎಳೆದುಕೊಂಡೆ. "ಬರ್ಕೊಳ್ರಿ, ಕೈ ಎತ್ತಿದೀನಿ. ನಿಮ್ಮ ಮನೆ ಹಾಳಾಗ!" ಅಂದೆ. ಜ್ವರದ ದುಡ್ಡು ಹಾಗೆ ಪಾಸಾಯಿತು, ನಾನು ಬಾಗಿಲು ದಾಟುವಷ್ಟರಲ್ಲಿ.

ಡ್ರೈವರು ಒಳ್ಳೆಯವನು, ಮಾತಿಲ್ಲದೆ ಓಡಿಸಿದ. ಸೊಸೆಯ ಮಡಿಲಲ್ಲಿ ಹುಡುಗಿ, ನನ್ನ ಮಡಿಲಲ್ಲಿ ಚಿಕ್ಕದು. ಮಾವ ಹಿಂದೆ ನಿಂತುಕೊಂಡಿದ್ದರು. ಕಿಟಕಿಯಲ್ಲಿ ಅಂಬಾಜಿದುರ್ಗದ ಬೆಟ್ಟ ಎಷ್ಟು ಹೊತ್ತಾದರೂ ಹಿಂದೆ ಸರಿಯಲೇ ಇಲ್ಲ. ಚಿಂತಾಮಣಿಯಲ್ಲಿ ನೋಡಿ, ಕೋಲಾರಕ್ಕೆ ಹೋಗಿ ಅಂದರು. ಹುಡುಗಿ ಕೆಲವು ದಿನ ಮಲಗಿ ಎದ್ದು ಮನೆಗೆ ಬಂದಳು. ಚಿಕ್ಕದು ಬರಲಿಲ್ಲ. ತಲೆಗೆ ಏರಿದ ಜ್ವರ ಅಂದರು. ಸ್ವಲ್ಪ ಮುಂಚೆ ತಂದಿದ್ದರೆ ಅಂತ ಡಾಕ್ಟರು ಹೇಳಿದರು ಅಂತ ಒಬ್ಬರು, ಇಲ್ಲ, ಹಾಗೇನೂ ಹೇಳಲಿಲ್ಲ ಅಂತ ಇನ್ನೊಬ್ಬರು. ಯಾವುದು ನಿಜವೋ ನನಗೆ ಈಗಲೂ ಗೊತ್ತಿಲ್ಲ. ನಮ್ಮತ್ತೆ ಆ ಬೆರಳು ಮಡಚದ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ. ಮಡಿಲಿಗೆ ಆ ಬಿಸಿ ಎಷ್ಟೋ ದಿನ ಅಂಟಿಕೊಂಡೇ ಇತ್ತು.

ಮುಂದಿನ ತಿಂಗಳ ಸಭೆಗೆ ಡೈರಿ ಮಾವ ಬರುವುದಿಲ್ಲ ಅಂದುಕೊಂಡಿದ್ದೆವು. ಬಂದರು. ಹಿಂದಿನ ಸಭೆಯ ತೀರ್ಮಾನವನ್ನು ಓದುವಾಗ ಎದ್ದು ನಿಂತರು. ಡೈರಿ ಕಡೆಯವನೊಬ್ಬ ಪಕ್ಕದವನಿಗೆ, "ಆವತ್ತು ಮಾವ ಕೂತಿರಲಿಲ್ಲ ಕಣೋ, ನಿಂತವರ ಮಾತು ಮುಗಿಯದೆ ಮಾಡಿದ ತೀರ್ಮಾನ ಅದು, ನಿಲ್ಲಲ್ಲ" ಅಂತ ಪಿಸುಗುಟ್ಟಿದ. ಹೌದಲ್ಲ! ಪದ್ಧತಿಯ ಪ್ರಕಾರ ಅವನು ಹೇಳಿದ್ದು ಸರಿಯೇ. ಇವರು ಈಗ ಅದನ್ನೇ ಹಿಡಿದು ಎಲ್ಲಾ ಮುರಿದುಹಾಕುತ್ತಾರೆ ಅಂತ ನನಗೆ ಅನ್ನಿಸಿತು. ಮುರಿದರೂ ಎದ್ದು ಬೈಯಲು ನನಗೆ ಬಾಯಿ ಇರಲಿಲ್ಲ.

"ಹೋದ ಸಭೇಲಿ ನಾನು ಕೂರಲಿಲ್ಲ" ಅಂದರು ಮಾವ. ದನಿ ಕೆರೆ ಏರಿಗಿರಲಿ, ಕಡೇ ಬೆಂಚಿಗೂ ಕೇಳಿಸುತ್ತಿರಲಿಲ್ಲ. "ಅದಕ್ಕೆ ಒಂದೇ ಒಂದು ಮಾತು ಉಳ್ಕೊಂಡಿದೆ. ಕೇಳಿ ಕೂತ್ಕೊಂಡುಬಿಡ್ತೀನಿ. ಆವತ್ತು ಫೋನು ಬಂದ ಮೇಲೆ, ನಾನು ಎಷ್ಟು ಹೊತ್ತು ಮಾತಾಡಿದೆ?"

ಕೈವಾರದ ಗಾಡಿ, ಕುಂಟಿದ ಎತ್ತು, ಅದರ ಕೊಂಬು, ಎಲ್ಲರ ಕಿವಿಯಲ್ಲೂ ಇತ್ತು. ಬಿಲ್ ಕಲೆಕ್ಟರು ಗೋಡೆ ನೋಡುತ್ತಿದ್ದ. ಜೀವಮಾನದಲ್ಲಿ ನಾನು ಯಾರಿಗೂ ಮುಖ ಉಳಿಸುವ ಮಾತಾಡಿದವಳಲ್ಲ. ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಮಾತಾಡಲೇ ಇಲ್ಲ ಮಾವ. ಫೋನು ಬಂದ ತಕ್ಷಣ ಹೊರಟ್ರಿ."

"ಹೌದು, ತಕ್ಷಣ ಎದ್ದೋದ್ರಿ" ಅಂದ ಡೈರಿ ಕಡೆಯವನು. "ಚಪ್ಪಲೀನೂ ಹಾಕ್ಕೊಳ್ಲಿಲ್ಲ" ಅಂದರು ನಮ್ಮ ಅಧ್ಯಕ್ಷರು. ಆ ಪಂಚಾಯ್ತಿಯಲ್ಲಿ ಎರಡು ಕಡೆಯವರೂ ಕೂಡಿ ಒಪ್ಪಿದ್ದು ನಾನು ಕಂಡಂತೆ ಅದೊಂದೇ.

ಮಾವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಕಡೆಗೆ ಅವರ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಪೊಟ್ಟಣ ತೂಗಿ ನೋಡುವವರ ನೋಟ ಅದು. ಅದು ನನ್ನ ನೋಟ, ನನಗೆ ಗೊತ್ತಾಗದೇ ಇರುತ್ತದೆಯೇ?

"ನೀನೂ ಹಂಗೇ ಅಂತೀಯೇನಮ್ಮಾ?"

"ಹಂಗೇ ಮಾವ."

ಅವರು ನಂಬಲಿಲ್ಲ. ಟವೆಲ್ಲಿನ ತುದಿ ಹಿಡಿದುಕೊಂಡು ಮೆಲ್ಲಗೆ ಕೂತರು. ಹೊರಗೆ ಸೊಪ್ಪಿನ ಹೊತ್ತಾಗಿತ್ತು. ಯಾರೂ ಏಳಲಿಲ್ಲ.